ಇನ್ನೂರ ಎಂಟನೆಯ ಪುಟ

ವಾಚಕ ಮಹಾಶಯರ ಸನ್ನಿಧಿಗೆ ಸವಿನಯ ವಿಜ್ಞಾಪನೆ. ಮುಂದೆ ‘ಅವನು’ ಎಂದು ಬರುವ ವ್ಯಕ್ತಿ ಇದನ್ನು ಬರೆದವನೇ ಆಗಿದ್ದಾನೆ. ಹನ್ನೊಂದು ವರ್ಷಗಳ ಕಾಲ ಶಾಲಾಮಕ್ಕಳಿಗಾಗಿ ಸಾಹಿತ್ಯದ ಗೈಡುಗಳನ್ನು ಬರೆದವನಿಗೆ ‘ನಾನು’ ಎಂಬ ಪದ ಲೇಖನಿಗೆ ಇಳಿಯುವುದಿಲ್ಲ. ಗೈಡಿನಲ್ಲಿ ಆ ಪದಕ್ಕೆ ಎಡೆಯೇ ಇಲ್ಲ. ಆದಕಾರಣ ಮಹಾಶಯರು ಈ ಮರೆಯನ್ನು ಮರೆಯೆಂದೇ ತಿಳಿದು, ಅದರ ಹಿಂದೆ ನಿಂತವನ ಮೇಲೆ ವಿಶೇಷ ದಯೆಯನ್ನೇನೂ ತೋರದೆ, ಓದಬೇಕಾಗಿ ಪ್ರಾರ್ಥನೆ.

ಬಾಗಿಲು ತಟ್ಟಿದ ಸದ್ದಾದಾಗ ಅವನು ಒಂದು ಕೆನ್ನೆಯನ್ನು ಮಾತ್ರ ಬೋಳಿಸಿಕೊಂಡಿದ್ದ. ಇನ್ನೊಂದರ ಮೇಲೆ ನೊರೆ ಹಾಗೆಯೇ ಇತ್ತು. ಒರೆಸಿಕೊಂಡರೆ ಮತ್ತೆ ಹಚ್ಚಬೇಕು, ಒರೆಸಿಕೊಳ್ಳದಿದ್ದರೆ ಬಂದವರ ಎದುರು ಕೋಡಂಗಿಯಾಗಬೇಕು ಎಂದು ತೂಗಿ ನೋಡುತ್ತಿರುವಾಗಲೇ ಬಾಗಿಲು ತಾನಾಗಿ ತೆರೆದುಕೊಂಡಿತು. ಅದರ ಅಗುಳಿ ಎಂದೋ ಸಡಿಲವಾಗಿತ್ತು. ಹೊರಗೆ, ಅಂಗಿಯ ಜೇಬಿಗೆ ಮೂರು ಪೆನ್ನು ಸಿಕ್ಕಿಸಿಕೊಂಡ ಒಬ್ಬ ದಪ್ಪ ಮನುಷ್ಯ, ಅವನ ಬೆನ್ನ ಹಿಂದೆ ಅರ್ಧ ಮರೆಯಾಗಿ ಹದಿನಾಲ್ಕು ಹದಿನೈದರ ಒಬ್ಬ ಹುಡುಗಿ. ಹುಡುಗಿ ನೊರೆಯನ್ನು ನೋಡಲಿಲ್ಲ. ಗೋಡೆಗೆ ಒರಗಿಸಿ ಜೋಡಿಸಿದ್ದ ಪುಸ್ತಕಗಳ ಬೆನ್ನುಗಳನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಓದುತ್ತ ಹೋದಳು. ಆ ಕಣ್ಣು ಅವನಿಗೆ ಗೊತ್ತಿತ್ತು. ಯಾರ ಮನೆಗೆ ಹೋದರೂ ಮನುಷ್ಯರಿಗಿಂತ ಮೊದಲು ಕಪಾಟಿನ ಕಡೆಗೆ ಹೊರಳುವ ಕಣ್ಣು. ಒಂದು ಕಾಲಕ್ಕೆ ಅವನದೂ ಹಾಗೆಯೇ ಇತ್ತು. ಈಗ ಇದೆಯೇ ಎಂದು ಕೇಳಿದರೆ ಅವನು ಬೇರೆ ಮಾತು ತೆಗೆಯುತ್ತಾನೆ.

ಬಂದವನು ಹುಡುಗಿಯ ಸೋದರಮಾವ. ಮನೆಮನೆಗೆ ಹೋಗಿ ವಿದ್ಯುತ್ ಮೀಟರು ನೋಡಿ ಬರೆದುಕೊಳ್ಳುವುದು ಅವನ ಕೆಲಸ. ಅದರಿಂದಲೋ ಏನೋ, ಯಾರ ಹೊಸ್ತಿಲಿನಲ್ಲೂ ಅವನಿಗೆ ಸಂಕೋಚವಿದ್ದಂತೆ ಕಾಣಲಿಲ್ಲ. ಮಂಚದ ಅಂಚಿನಲ್ಲಿ ತಾನೇ ಜಾಗ ಮಾಡಿಕೊಂಡು ಕುಳಿತ. ಪಠ್ಯ ಆಯ್ಕೆ ಸಮಿತಿಯ ದೊಡ್ಡ ಟೀಚರಿಗೆ ತಾವೇ ಕಣ್ಣಂತೆ, ತಾವು ಓದಿದ್ದನ್ನು ಅವರು ಕೇಳುತ್ತಾರಂತೆ, ತಾವು ಹೇಳಿದರೆ ಆಗುತ್ತದಂತೆ ಎಂದು ಒಂದೇ ಉಸಿರಿನಲ್ಲಿ ಹೇಳಿ, ಸೊಸೆಯ ಕಡೆಗೆ ತಿರುಗಿ, ಅವಳು ಮಾಡಿದ ಅಪರಾಧವನ್ನು ಅವಳ ಎದುರಿಗೇ ಒಪ್ಪಿಸತೊಡಗಿದ.

“ನಮ್ಮಕ್ಕನ ಮಗಳು ಸಾರ್. ಪರೀಕ್ಷೆಗೆ ಮೂರು ತಿಂಗಳಿದೆ ಅನ್ನೋವಾಗ್ಲೇ ನಿಮ್ಮ ಗೈಡ್ ತಂದುಕೊಟ್ಟೆ. ಓದಲಿಲ್ಲ. ಲೈಬ್ರರಿಗೆ ಹೋಗಿ ಪುಸ್ತಕಾನೇ ಓದ್ಕೊಂಡು ಬಂದಿದ್ದಾಳೆ. ತಪ್ಪಾಯ್ತು ಸಾರ್. ಇನ್ನೊಂದ್ಸಲ ಮಾಡಲ್ಲ ಅಂತಾಳೆ.”

ಹುಡುಗಿ ಹಾಗೇನೂ ಅನ್ನಲಿಲ್ಲ. ಉಳಿದುದನ್ನು ಮಾವ ಕಾಗದ ತೆಗೆದು ತೋರಿಸಿದ. ‘ದರ್ಜಿಯ ಪಾತ್ರವನ್ನು ಚಿತ್ರಿಸಿ’ ಎಂಬ ಹತ್ತು ಅಂಕದ ಪ್ರಶ್ನೆಗೆ ಅವಳಿಗೆ ಸೊನ್ನೆ ಬಂದಿತ್ತು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಪಠ್ಯಕ್ಕೆ ಹೊರತಾದ ಉತ್ತರ’ ಎಂದು ಬರೆದಿತ್ತು. ಪಾಸಾಗಲು ನಾಲ್ಕು ಅಂಕ ಕಡಿಮೆ ಬಿದ್ದಿತ್ತು. ಮೇಲ್ಮನವಿ ಇವತ್ತು ಸಮಿತಿಯ ಮುಂದೆ ಬರುತ್ತದೆ. ಮುಂದಿನ ತರಗತಿಯ ಸೇರ್ಪಡೆ ನಾಳೆಗೆ ಮುಗಿಯುತ್ತದೆ. ಒಂದು ವರ್ಷ ಮನೆಯಲ್ಲಿ ಕುಳಿತ ಹುಡುಗಿಯನ್ನು ಮತ್ತೆ ಶಾಲೆಗೆ ಕಳಿಸುವ ಪದ್ಧತಿ ತಮ್ಮಲ್ಲಿಲ್ಲವೆಂದೂ, ಬಟ್ಟೆ ಅಂಗಡಿಯಲ್ಲಿ ಸೇರಿಸಿಕೊಳ್ಳುತ್ತೇನೆಂದು ಒಬ್ಬರು ಆಗಲೇ ಹೇಳಿದ್ದಾರೆಂದೂ ಮಾವ ತಿಳಿಸಿದ. ಅದರಲ್ಲಿ ಬೆದರಿಕೆಯಿರಲಿಲ್ಲ; ಮೀಟರಿನ ಅಂಕಿಯನ್ನು ಓದಿ ಹೇಳುವವನ ದನಿಯೇ ಇತ್ತು.

ಅವನು ಆಗಲೇ ಹೇಳಿಬಿಡಬಹುದಿತ್ತು. ಬಾಯಿಯ ಬಳಿ ಮಾತು ಬಂದು ನಿಂತದ್ದು ಅವನಿಗೆ ನೆನಪಿದೆ. ನೊರೆ ಒಣಗಿ ಕೆನ್ನೆಯ ಚರ್ಮ ಬಿಗಿಯುತ್ತಿದ್ದುದೂ ನೆನಪಿದೆ. ಆದರೆ ಹೊರಬಿದ್ದದ್ದು ಬೇರೆ. “ಗೈಡ್ ಓದಬೇಕಿತ್ತಮ್ಮಾ,” ಎಂದ. ಹನ್ನೊಂದು ವರ್ಷದಿಂದ ಎಲ್ಲರಿಗೂ ಹೇಳುತ್ತ ಬಂದ ಮಾತು, ಸವೆದು ನುಣುಪಾಗಿ, ನಾಲಿಗೆಗೆ ತಾಗದೆ ಜಾರಿತು.

ಹುಡುಗಿ ಆಗ ಮೊದಲ ಬಾರಿಗೆ ಅವನ ಮುಖ ನೋಡಿದಳು. “ನೀವು ಆ ಪುಸ್ತಕ ಪೂರ್ತಿ ಓದಿದೀರಾ ಸಾರ್?”

“ಓದಿದೀನಿ,” ಎಂದ. ಅದು ಸುಳ್ಳಾಗಿರಲಿಲ್ಲ. ಸುಳ್ಳಾಗಿರಲಿಲ್ಲವೆಂಬುದೇ ಅವನ ಕಷ್ಟವಾಗಿತ್ತು.

ಅವರು ಹೋದ ಮೇಲೆ ಉಳಿದ ಕೆನ್ನೆಯನ್ನು ಬೋಳಿಸಲು ಹೋಗಿ ಗದ್ದದ ಕೆಳಗೆ ಗಾಯ ಮಾಡಿಕೊಂಡ. ಪತ್ರಿಕೆಯ ಚೂರು ಹರಿದು ಅಂಟಿಸಿಕೊಳ್ಳುತ್ತ, ಕನ್ನಡಿಯಲ್ಲಿ ಕಂಡ ಮುಖವನ್ನು ತನ್ನ ವೃತ್ತಿಯ ಶೈಲಿಯಲ್ಲಿಯೇ ವರ್ಣಿಸಿಕೊಂಡ: ‘ಪ್ರಸ್ತುತ ವ್ಯಕ್ತಿಯು ಮಧ್ಯವಯಸ್ಕನೂ, ಅಂಜುಬುರುಕನೂ, ಉಪಕಾರ ಸ್ಮರಣೆಯುಳ್ಳವನೂ ಆಗಿದ್ದಾನೆ.’ ಐದು ಅಂಕ ಬರಬಹುದು. ಹುಡುಗಿ ಓದಿಬಂದಿದ್ದ ಆ ಪಠ್ಯ ಕಾದಂಬರಿಯ ದರ್ಜಿ ಮದುವೆಯಾಗದವನು, ತಂಗಿಯೊಡನೆ ಒಂದೇ ಕೋಣೆಯ ಅಂಗಡಿಯಲ್ಲಿ ಬದುಕುವವನು. ಗಿರಾಕಿಯೊಬ್ಬಳು ಹೊಲಿಯಲು ಕೊಟ್ಟ ನೀಲಿ ರೇಷ್ಮೆ ಕಾಣೆಯಾಗುತ್ತದೆ. ಅಂಗಡಿಯಲ್ಲಿ ಇದ್ದವರು ಇಬ್ಬರು, ತಾನು ಕದ್ದಿಲ್ಲ, ಆದ್ದರಿಂದ ಕದ್ದವಳು ತಂಗಿ ಎಂದು ದರ್ಜಿ ತೀರ್ಮಾನಿಸಿ, ಇಡೀ ಬೀದಿ ನೋಡುತ್ತಿರುವಾಗ ಅವಳನ್ನು ಹೊರಗೆ ಹಾಕುತ್ತಾನೆ. ಅವಳು ಚಪ್ಪಲಿಯನ್ನೂ ಮೆಟ್ಟದೆ ಹೋಗುತ್ತಾಳೆ. ಅವನು ಯಂತ್ರದ ಮುಂದೆ ಕುಳಿತು ಸೂಜಿಗೆ ದಾರ ಪೋಣಿಸುತ್ತಾನೆ, ಅವನ ಕೈ ನಡುಗುವುದಿಲ್ಲ. ಇನ್ನೂರ ಎಂಟನೆಯ ಪುಟ. ಅಡಿಯಲ್ಲಿ ಎರಡು ಬೆರಳಿನಷ್ಟು ಖಾಲಿ ಜಾಗ. ತಿರುವಿದರೆ ರಟ್ಟು.

ಆ ಪ್ರತಿಯನ್ನು ಅವನು ರಸ್ತೆಬದಿಯ ರಾಶಿಯಿಂದ ಆರಿಸಿಕೊಂಡಿದ್ದ. ಊರಿಂದ ಊರಿಗೆ ಅಲೆಯುತ್ತಿದ್ದ ದಿನಗಳಲ್ಲಿ ಅವನು ಓದಿದ್ದೆಲ್ಲ ಅಂಥ ರಾಶಿಗಳಿಂದಲೇ. ಒಂದು ಮೊದಲ ಹಾಳೆ ಹರಿದದ್ದು, ಒಂದು ನಡುವೆ ಎಣ್ಣೆ ಕುಡಿದದ್ದು, ಇನ್ನೊಂದು ಅಂಚಿನಲ್ಲಿ ಯಾರದೋ ಹಲ್ಲುನೋವಿನ ಔಷಧಿಯ ಹೆಸರು ಬರೆದದ್ದು. ಪುಸ್ತಕವನ್ನು ಹದಿನಾರು ಹದಿನಾರು ಪುಟಗಳ ಫಾರಮ್ಮುಗಳಾಗಿ ಮಡಿಸಿ ಹೊಲಿಯುತ್ತಾರೆ; ಹದಿಮೂರು ಫಾರಮ್ಮು ಸೇರಿದರೆ ಇನ್ನೂರ ಎಂಟು ಪುಟ. ಈ ಪ್ರತಿಗೆ ಹದಿನಾಲ್ಕನೆಯದನ್ನು ಹೊಲಿಯಲು ಬೈಂಡರನೊಬ್ಬ ಮರೆತಿದ್ದ. ಅಧ್ಯಾಯವೂ ಅಲ್ಲಿಗೇ ಮುಗಿದದ್ದರಿಂದ, ಹರಿದ ಪುಸ್ತಕಗಳಲ್ಲೇ ಬೆಳೆದ ಅವನಿಗೆ, ಜೀವನದಲ್ಲಿ ಮೊದಲ ಬಾರಿಗೆ ಒಂದು ಇಡೀ ಪುಸ್ತಕ ಸಿಕ್ಕಿತೆಂದು ಹಿಗ್ಗಾಗಿತ್ತು. ರಸ್ತೆಯ ಬದಿಯಲ್ಲಿ ನಿಂತೇ ಅದನ್ನು ಓದಿ ಮುಗಿಸುತ್ತಿದ್ದವನನ್ನು, ಎದುರು ಮನೆಯ ಗೇಟಿನಿಂದ ನೋಡುತ್ತಿದ್ದ ನಿವೃತ್ತ ಮುಖ್ಯೋಪಾಧ್ಯಾಯಿನಿ, ಏನಯ್ಯಾ ಅದು ಎಂದು ಕೇಳಿದ್ದರು. ಅವನು ಕಥೆ ಹೇಳಿದ್ದ. ಇಷ್ಟು ಚೆನ್ನಾಗಿ ನನ್ನ ಶಾಲೆಯಲ್ಲಿ ಯಾರೂ ಹೇಳುತ್ತಿರಲಿಲ್ಲ ಎಂದು ಅವರು ಅವನನ್ನು ಒಳಗೆ ಕರೆದು, ಊಟ ಹಾಕಿ, ಹಿಂದಿನ ಕೋಣೆಯ ಬೀಗದ ಕೈ ಕೊಟ್ಟಿದ್ದರು. ಆಗಲೇ ಅವರ ಕಣ್ಣು ಮಂಜಾಗುತ್ತಿತ್ತು. ಅವನು ಅವರನ್ನು ಅಕ್ಕಾ ಎಂದ. ಅವರು ಅವನನ್ನು ತಮ್ಮಾ ಎಂದರು. ಗೈಡುಗಳ ರಟ್ಟಿನ ಮೇಲೆ ಅಕ್ಕನ ಹೆಸರು, ಒಳಗೆ ಅವನ ವಾಕ್ಯಗಳು. ಪ್ರಕಾಶಕರು ಅವನಿಗೆ ‘ಸಾರಾಂಶ’ ಎಂದು ಹೆಸರಿಟ್ಟರು. ಸಾರಾಂಶ ಬಂದ್ರಾ, ಸಾರಾಂಶಕ್ಕೆ ಒಂದು ಟೀ ಹೇಳು. ಹತ್ತನೆಯ ತರಗತಿಯ ಮೆಟ್ಟಿಲು ಹತ್ತದವನು ಆ ತರಗತಿಯವರಿಗೆಲ್ಲ ಉತ್ತರ ಬರೆಯತೊಡಗಿದ.

ಎರಡು ವರ್ಷ ಕಳೆದು, ಅಕ್ಕ ಹಿರಿಯ ಸದಸ್ಯರಾಗಿದ್ದ ಸಮಿತಿಗೆ ಉಪಪಠ್ಯ ಆರಿಸುವ ಸರದಿ ಬಂದಾಗ, ಅವನು ಆ ಕಾದಂಬರಿಯನ್ನು ಅಕ್ಕನಿಗೆ ಮೂರು ಮಧ್ಯಾಹ್ನ ಓದಿ ಹೇಳಿದ್ದ. ತಂಗಿ ಚಪ್ಪಲಿ ಬಿಟ್ಟು ಹೋಗುವಲ್ಲಿಗೆ ಬಂದಾಗ ಅಕ್ಕ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟರು. ಓದು ಮುಗಿದ ಮೇಲೆ, “ಇದನ್ನೇ ಇಡೋಣ,” ಎಂದರು. ಕಾರಣವನ್ನು ಅವರು ಹೇಳಲಿಲ್ಲ, ಅವನೂ ಕೇಳಲಿಲ್ಲ. ಕೇಳುವ ಅಗತ್ಯವೇ ಇರಲಿಲ್ಲ, ಅಡುಗೆಯವಳು ಎಂದೋ ಹೇಳಿದ್ದಳು. ಅಕ್ಕ ಮುಖ್ಯೋಪಾಧ್ಯಾಯಿನಿಯಾಗಿದ್ದಾಗ ಅವರ ಕಪಾಟಿನಿಂದ ಒಂದು ಪ್ರಶ್ನೆಪತ್ರಿಕೆ ಕಾಣೆಯಾಗಿತ್ತು. ಕಪಾಟಿನ ಬೀಗದ ಕೈ ಸಿಗುವಷ್ಟು ಹತ್ತಿರವಿದ್ದವಳು ಅದೇ ಶಾಲೆಯಲ್ಲಿ ಪಾಠ ಮಾಡುತ್ತಿದ್ದ, ಅದೇ ಮನೆಯಲ್ಲಿದ್ದ ಅವರ ತಂಗಿ. ಅಕ್ಕ ತಂಗಿಯ ಹೆಸರನ್ನು ತಾವೇ ಬರೆದು ಮೇಲಿನ ಕಚೇರಿಗೆ ಕಳಿಸಿದರು. ತಂಗಿಯ ಕೆಲಸ ಹೋಯಿತು, ತಂಗಿಯೂ ಹೋದಳು. ಪತ್ರಿಕೆ ಯಾರು ತೆಗೆದರೆಂಬುದು ಗೊತ್ತಾಗಲೇ ಇಲ್ಲ. ದರ್ಜಿಯ ಪಾತ್ರಚಿತ್ರಣ ಬರೆಯುವಾಗ ಅಕ್ಕ ಒಂದು ವಾಕ್ಯವನ್ನು ತಾವೇ ಹೇಳಿ ಬರೆಸಿದರು: ‘ರಕ್ತಸಂಬಂಧಕ್ಕಿಂತ ನ್ಯಾಯ ದೊಡ್ಡದೆಂದು ಬಾಳಿ ತೋರಿಸಿದ ಧೀರನೇ ಈ ದರ್ಜಿ.’ ಒಂಬತ್ತು ವರ್ಷಗಳಿಂದ ಮಕ್ಕಳು ಅದನ್ನು ಉರು ಹೊಡೆದು ಬರೆದಿದ್ದಾರೆ. ಬೀದಿಯಲ್ಲಿ ಶಾಲೆ ಬಿಟ್ಟು ಬರುವ ಗುಂಪಿನಿಂದ ಆ ವಾಕ್ಯ ತೇಲಿ ಬಂದರೆ ಅಕ್ಕನ ಮುಖ ಒಂದು ಕ್ಷಣ ನೆಟ್ಟಗಾಗುತ್ತಿತ್ತು, ದೊಡ್ಡವರು ಬೆನ್ನು ತಟ್ಟಿದಾಗ ಮಗುವಿನದು ಆಗುವಂತೆ.

ಹುಡುಗಿ ಬಂದುಹೋದ ಆ ದಿನ, ಈಗ ಪೂರ್ತಿ ಕಣ್ಣು ಕಾಣದ ಅಕ್ಕ ಅವನ ಮೊಣಕೈ ಹಿಡಿದು ಸಮಿತಿಯ ಕಟ್ಟಡದ ಕಡೆಗೆ ನಡೆಯುತ್ತಿದ್ದರು. ಗದ್ದಕ್ಕೆ ಏನಾಯಿತೆಂದು ಕೇಳಿದರು. ರಕ್ತದ ವಾಸನೆ ಅವರಿಗೆ ಗೊತ್ತಾಗಿತ್ತು. ಬ್ಲೇಡು ಹಳೆಯದು ಎಂದ. ಹದಿನಾಲ್ಕನೆಯ ಫಾರಮ್ಮು ಅವನಿಗೆ ಸಿಕ್ಕಿದ್ದು ಆ ಪುಸ್ತಕ ಪಠ್ಯವಾದ ಮೂರನೆಯ ವರ್ಷ. ವರ್ಷಕ್ಕೊಮ್ಮೆ ಎರಡು ವಾರ ಹೇಳದೆ ಕೇಳದೆ ಎಲ್ಲಿಗಾದರೂ ಹೋಗಿಬರದಿದ್ದರೆ ಅವನ ಕಾಲಿಗೆ ತುರಿಕೆ. ಹಾಗೆ ಹೋಗಿದ್ದಾಗ, ಒಂದು ಬಸ್ ನಿಲ್ದಾಣದ ಅಂಗಡಿಯಲ್ಲಿ ತನ್ನ ಪುಸ್ತಕದ ಬೆನ್ನು ಕಂಡು, ಪರಿಚಿತರನ್ನು ಮಾತಾಡಿಸುವಂತೆ ಕೈಗೆತ್ತಿಕೊಂಡ. ಇನ್ನೂರ ಎಂಟನ್ನು ತಿರುವಿದರೆ ಇನ್ನೂರ ಒಂಬತ್ತು. ಬಸ್ಸು ಹೋಯಿತು. ಅವನು ನಿಂತೇ ಓದಿದ. ಕತ್ತರಿಸುವ ಮೇಜಿನ ಎರಡು ಹಲಗೆಗಳ ನಡುವೆ ಜಾರಿ ಬಿದ್ದಿದ್ದ ನೀಲಿ ರೇಷ್ಮೆ ದರ್ಜಿಗೆ ಸಿಗುತ್ತದೆ. ಅದನ್ನು ಹಿಡಿದು ಅವನು ತಂಗಿಯನ್ನು ಹುಡುಕಿಕೊಂಡು ಹೊರಡುತ್ತಾನೆ. ಅವಳು ಒಂದು ಆಸ್ಪತ್ರೆಯಲ್ಲಿ ಹಾಸಿಗೆಯ ಬಟ್ಟೆ ಮಡಿಸುತ್ತಿರುತ್ತಾಳೆ. ದರ್ಜಿ ರೇಷ್ಮೆಯನ್ನು ಮುಂದೆ ಚಾಚುತ್ತಾನೆ. ಅವಳು ಅದನ್ನು ಗೇಣಿನಿಂದ ಅಳೆದು, ಸರಿಯಾಗಿದೆ ಎಂದು ಹೇಳಿ, ಮಡಿಸಿ ಹಿಂದಕ್ಕೆ ಕೊಡುತ್ತಾಳೆ. ಅವನು ಏನನ್ನೂ ಹೇಳಲಾರದೆ ಹಿಂದಿರುಗುತ್ತಾನೆ. ಅಲ್ಲಿಗೆ ನಿಜವಾಗಿ ಮುಗಿಯುತ್ತದೆ.

ಮನೆಗೆ ಬಂದವನು ಹೇಳಲಿಲ್ಲ. ನಾಳೆ ಎಂದುಕೊಂಡ. ಆ ವೇಳೆಗೆ ಪರೀಕ್ಷಕರ ಮಾದರಿ ಉತ್ತರವೂ ಗೈಡಿನಿಂದಲೇ ಇಳಿದಿತ್ತು. ಪುಸ್ತಕ ಶಾಲೆಗಳಿಗೆ ತಲುಪುವುದು ಅರ್ಧ ವರ್ಷ ಕಳೆದ ಮೇಲೆ, ಗೈಡು ತಲುಪುವುದು ಮೊದಲ ದಿನವೇ. ಪುಸ್ತಕ ಓದಿ ತಿಳಿದ ಕೆಲವು ಶಿಕ್ಷಕರು, ಅಂಕ ಬರುವ ಉತ್ತರವನ್ನೇ ಹೇಳಿಕೊಡುವುದು ಮಕ್ಕಳಿಗೆ ಕ್ಷೇಮವೆಂದು ಸುಮ್ಮನಾಗಿದ್ದರು. ಒಬ್ಬರು ಮಾತ್ರ, ಗೈಡಿನಲ್ಲಿ ಕಾದಂಬರಿಯ ಕೊನೆಯೇ ಬಿಟ್ಟುಹೋಗಿದೆಯೆಂದು ಅಕ್ಕನ ಹೆಸರಿಗೆ ಒಂದು ಕಾರ್ಡು ಬರೆದಿದ್ದರು. ಅಕ್ಕನ ಅಂಚೆಯನ್ನು ಓದುವವನು ಅವನೇ. ಅದರ ಬದಲು, ಹಲ್ಲಿನ ಡಾಕ್ಟರು ಶಿಬಿರಕ್ಕೆ ಕರೆದಿದ್ದಾರೆಂದು ಓದಿದ. ಇನ್ನೊಮ್ಮೆ, ಮರುಮುದ್ರಣದಲ್ಲಿ ‘ಕಾದಂಬರಿಯ ಅಂತ್ಯ ಚರ್ಚಾಸ್ಪದವಾಗಿದೆ’ ಎಂಬ ಒಂದು ಸಾಲನ್ನು ಸೇರಿಸಿ ನೋಡಿದ. ಚರ್ಚಾಸ್ಪದಕ್ಕೆ ಎಷ್ಟು ಮಾರ್ಕ್ಸು ಸಾರಾಂಶ ಎಂದು ಕೇಳಿ ಪ್ರಕಾಶಕರು ಅದನ್ನು ಹೊಡೆದುಹಾಕಿದರು. ಅವನಿಗೆ ಆದ ಸಮಾಧಾನವನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. ಮೂರು ವರ್ಷದ ಹಿಂದೆ ಅಕ್ಕನ ತಂಗಿ ಸತ್ತ ಸುದ್ದಿಯ ಕಾಗದ ಬಂದಾಗ ಅದನ್ನೂ ಅವನೇ ಓದಿದ. ಅಕ್ಕ ಮತ್ತೊಮ್ಮೆ ಓದಿಸಿದರು. ಎರಡನೆಯ ಸಲ ಮುಗಿದ ಮೇಲೆ, ಆ ಪುಸ್ತಕದ ಕೊನೆಯ ಪುಟವನ್ನು ಓದು ಎಂದರು. ಅವನು ತಂದು ಓದಿದ. ದರ್ಜಿಯ ಕೈ ನಡುಗುವುದಿಲ್ಲ ಎಂಬಲ್ಲಿಗೆ ಅಕ್ಕ ತಲೆಯಾಡಿಸಿದರು.

ಸಮಿತಿಯ ಕೊಠಡಿ ಮೇಲಿನ ಮಹಡಿಯಲ್ಲಿತ್ತು. ಉದ್ದ ಮೇಜಿನ ಮೇಲೆ ಪ್ರಕಾಶಕರು ಕಳಿಸಿದ ಮಾದರಿ ಪ್ರತಿಗಳ ಗುಡ್ಡೆ, ಪ್ರತಿಯೊಂದರೊಳಗೂ ಅವನ ಕೈಬರಹದ ಚೀಟಿ: ಪ್ರಶ್ನೆಗಳು ಮೂವತ್ತನಾಲ್ಕು, ಆಕ್ಷೇಪಾರ್ಹ ಭಾಗ ಇಲ್ಲ, ನೀತಿ ಇದೆ. ಸಮಿತಿಯಲ್ಲಿದ್ದ ಶಾಲಾ ಇನ್ಸ್‌ಪೆಕ್ಟರ್ ಸಾಹೇಬರಿಗೆ ಪುಸ್ತಕಗಳ ವಿಷಯದಲ್ಲಿ ಒಂದೇ ಸಿದ್ಧಾಂತವಿತ್ತು. ಮೂವತ್ತು ಪ್ರಶ್ನೆ ಹುಟ್ಟದ ಪುಸ್ತಕ ಬಂಜೆ. ವ್ಯಾಕರಣದ ಮೇಷ್ಟ್ರಿಗೆ ಇನ್ನೊಂದು ಸಿದ್ಧಾಂತ. ಪಾತ್ರಗಳು ಆಡುಮಾತಿನಲ್ಲಿ ಮಾತಾಡಿದರೆ ಮಕ್ಕಳ ಬರವಣಿಗೆ ಕೆಡುತ್ತದೆ. ಆದ್ದರಿಂದ ಯಾರೂ ಬಾಯಿ ತೆರೆಯದ ಕಾದಂಬರಿ ಸಿಕ್ಕರೆ ತಿಳಿಸಿ ಎಂದು ಸಾಹೇಬರು ಅವರನ್ನು ಪ್ರತಿ ಸಭೆಯಲ್ಲೂ ಕಿಚಾಯಿಸುತ್ತಿದ್ದರು. ಒಂದು ಪುಸ್ತಕ ನಾಯಕ ಕೊನೆಗೆ ಸುಮ್ಮನೆ ಸಾಯುತ್ತಾನೆಂದು ಬಿದ್ದುಹೋಯಿತು. ಒಂದು ತೊಂಬತ್ತನೆಯ ಪುಟದ ಒಂದು ಮುತ್ತಿಗಾಗಿ ಬಿದ್ದಿತು. ಮೇಷ್ಟ್ರು ಆ ಪುಟವನ್ನು ಸ್ವಲ್ಪ ಹೆಚ್ಚು ಹೊತ್ತೇ ಪರಿಶೀಲಿಸಿದರು. ದರ್ಜಿಯ ಕಾದಂಬರಿಯನ್ನು ಇನ್ನೂ ಮೂರು ವರ್ಷಕ್ಕೆ ಮುಂದುವರಿಸುವುದರಲ್ಲಿ ಯಾರದೂ ತಕರಾರಿರಲಿಲ್ಲ. ಪಳಗಿದ ಪುಸ್ತಕ ಎಂದರು ಸಾಹೇಬರು. ಮೇಲ್ಮನವಿ ಒಂದು ಮುಗಿದರೆ ಸಹಿ ಹಾಕಿ ಏಳಬಹುದಿತ್ತು.

ಮಾವ, ಹುಡುಗಿ ಒಳಗೆ ಬಂದರು. ಕುರ್ಚಿಯಿದ್ದರೂ ಮಾವ ಕೂರಲಿಲ್ಲ; ಬೆಳಿಗ್ಗೆಯ ನಿರ್ಭಿಡೆ ಈ ಕೊಠಡಿಯ ಹೊಸ್ತಿಲಿನಲ್ಲಿ ಕಳಚಿಬಿದ್ದಿತ್ತು. ಸಾಹೇಬರು ಉತ್ತರ ಪತ್ರಿಕೆಯನ್ನು ಎಲ್ಲರಿಗೂ ಕೇಳುವಂತೆ ಓದಿದರು. ದರ್ಜಿ ಒಳ್ಳೆಯವನೂ ಅಲ್ಲ ಕೆಟ್ಟವನೂ ಅಲ್ಲ, ಅವನು ಆತುರದವನು. ಅವನಿಗೆ ಬಟ್ಟೆ ಸಿಕ್ಕಿತು. ತಂಗಿಯ ಹತ್ತಿರ ಹೋದ. ಆದರೆ ಕ್ಷಮೆ ಕೇಳಲು ಬಾಯಿ ಬರಲಿಲ್ಲ. ನನಗೆ ಅವನನ್ನು ಕಂಡರೆ ಪಾಪ ಅನ್ನಿಸಿತು, ಅವನ ತಂಗಿಯನ್ನು ಕಂಡರೆ ಭಯವಾಯಿತು. ‘ನನಗೆ’ ಎಂಬಲ್ಲಿ ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಮಾವ ನಡುವೆ ಬಾಯಿ ಹಾಕಿ, ಹುಡುಗಿ ಮನೆಯಲ್ಲೂ ಹೀಗೇ ಏನೇನೋ ಕಲ್ಪಿಸಿಕೊಳ್ಳುತ್ತಾಳೆ, ದಯವಿಟ್ಟು ಮನಸ್ಸಿಗೆ ಹಾಕಿಕೊಳ್ಳಬಾರದು ಎಂದು ಬೇಡಿಕೊಂಡ.  ಮೇಜಿನ ಮೇಲಿದ್ದ ಅಕ್ಕನ ಕೈ ಏನನ್ನೋ ಹುಡುಕುವಂತೆ ಸ್ವಲ್ಪ ಸರಿದು ನಿಂತಿತು.

“ಸಾರಾಂಶ, ನೀವೇ ಹೇಳಿಬಿಡಿ,” ಎಂದರು ಸಾಹೇಬರು. “ಈ ಬಟ್ಟೆ ಸಿಗೋದು, ತಂಗೀನ ಹುಡುಕ್ಕೊಂಡು ಹೋಗೋದು, ಇದೆಲ್ಲ ಪುಸ್ತಕದಲ್ಲಿ ಇದ್ಯಾ?”

ಮನುಷ್ಯನಿಗೆ ಇಷ್ಟು ಸುಲಭವಾದ ಪ್ರಶ್ನೆಯನ್ನು ಯಾರೂ ಕೇಳಬಾರದು ಎಂದು ಅವನಿಗೆ ಅನ್ನಿಸಿತು. ಇದೆ ಎಂದರೆ ಹುಡುಗಿಯ ವರ್ಷ ಉಳಿಯುತ್ತದೆ. ಇದೆ ಎಂದರೆ, ಮೂರು ವರ್ಷದ ಹಿಂದೆ ಕಾಗದವನ್ನು ಎರಡು ಸಲ ಓದಿಸಿ, ಬಳಿಕ ಆ ಕೊನೆಯ ಪುಟವನ್ನು ಓದಿಸಿಕೊಂಡು ತಲೆಯಾಡಿಸಿದ ಈ ಮುದುಕಿಗೆ ಆಸರೆಯಾಗಿ ಉಳಿದ ಗೋಡೆ ಕುಸಿಯುತ್ತದೆ. ಊಟ ಹಾಕಿದ ಕೈ, ಕೋಣೆ ಕೊಟ್ಟ ಕೈ, ಅದೇ ಮೇಜಿನ ಮೇಲೆ, ಅವನ ಕೈಯಿಂದ ಒಂದು ಗೇಣು ದೂರದಲ್ಲಿತ್ತು. ಉಪಕಾರವನ್ನು ನೆನೆಯುವ ನೆಪದಲ್ಲಿ ತನ್ನನ್ನೇ ಕಾಪಾಡಿಕೊಳ್ಳುತ್ತಿದ್ದೇನೆ ಎಂಬುದು ಅವನಿಗೆ ತಿಳಿಯದೆ ಇರಲಿಲ್ಲ. ಆದರೂ ಆ ನೆಪ ನಿಜವೂ ಆಗಿತ್ತು. ಎಲ್ಲರೂ ಕಾಯುತ್ತಿದ್ದರು. ಫ್ಯಾನು ಚೀಟಿಗಳನ್ನು ಒಂದೊಂದಾಗಿ ಎತ್ತಿ ಬಿಡುತ್ತಿತ್ತು.

“ನನ್ನ ಪ್ರತಿಯಲ್ಲಿ ಇಲ್ಲ,” ಎಂದ.

ಸರಿ ಹಾಗಾದರೆ ಎಂದು ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. ಹುಡುಗಿ ಚೀಲದಿಂದ ಗ್ರಂಥಾಲಯದ ಪ್ರತಿಯನ್ನು ತೆಗೆದು, ಪುಟ ಮಗುಚಿ, ಮೇಜಿನ ಮೇಲೆ ಅವನ ಮುಂದೆಯೇ ಇಟ್ಟಳು. “ಇದ್ರಲ್ಲಿ ಇದೆ,” ಎಂದಳು. ಧಿಮಾಕಿನಿಂದಲ್ಲ, ಅಂಗಡಿಯಲ್ಲಿ ಸರಿಯಾದ ಚಿಲ್ಲರೆ ಎಣಿಸಿ ಕೊಡುವವರಂತೆ. ಮೇಷ್ಟ್ರು ಬಗ್ಗಿ ನೋಡಿ, ಬೇರೆ ಆವೃತ್ತಿಯಿರಬಹುದು, ಪರೀಕ್ಷೆಗೆ ಇಟ್ಟದ್ದು ಇದಲ್ಲದಿರಬಹುದು ಎಂದರು. ಅದೂ ಒಂದು ಬಾಗಿಲು. ಸಾಹೇಬರು ಅದರಲ್ಲಿ ನುಗ್ಗಲು ಎದ್ದೇ ಬಿಟ್ಟಿದ್ದರು. ಆಗ ಅಕ್ಕ ಮುಖವನ್ನು ಅವನಿದ್ದ ಕಡೆಗೆ ತಿರುಗಿಸಿದರು.

“ತಮ್ಮಾ, ಓದು.”

ಅವನು ಓದಿದ. ಹನ್ನೊಂದು ವರ್ಷದಲ್ಲಿ ಅಕ್ಕನಿಗೆ ಎಷ್ಟೋ ಸಾವಿರ ಪುಟ ಓದಿದ್ದ. ಬೇಸರದ ಕಡೆ ಹಾರಿಸಿ, ನೋಯುವ ಕಡೆ ಮೆದುವಾಗಿಸಿ, ಅಂಚೆಯನ್ನೂ ಪತ್ರಿಕೆಯನ್ನೂ ಅವರಿಗೆ ಹೊಂದುವಂತೆ ಕತ್ತರಿಸಿ ಹೊಲಿದು ಕೊಟ್ಟಿದ್ದ. ಈಗಲೂ ಎಲ್ಲಿ ಬೇಕಾದರೂ ನಿಲ್ಲಿಸಬಹುದಿತ್ತು. ಹಲಗೆಗಳ ನಡುವೆ ನೀಲಿ ಮಿಂಚುವ ಸಾಲಿಗೆ ಬಂದಾಗ ಅವನ ಕಣ್ಣು ಅಭ್ಯಾಸಬಲದಿಂದ ಮುಂದಿನ ಕಂಡಿಕೆಗೆ ಜಿಗಿಯಿತು. ತಲೆಯೆತ್ತಿದ. ಎದುರಿಗೆ ಹುಡುಗಿಯ ತುಟಿಗಳು ಅಲುಗುತ್ತಿದ್ದವು. ಅವಳಿಗೆ ಅದು ಬಾಯಿಪಾಠವಾಗಿತ್ತು. ಅವನು ಹಿಂದಕ್ಕೆ ಬಂದು ಬಿಟ್ಟ ಸಾಲನ್ನು ಓದಿದ. ಹಾಗೆ ಓದಿದ್ದನ್ನು ಧೈರ್ಯವೆಂದು ಅವನು ಯಾರಿಗೂ ಹೇಳಿಕೊಳ್ಳಲಾರ. ಆ ತುಟಿಗಳು ಅಲ್ಲಿರದಿದ್ದರೆ ಏನು ಮಾಡುತ್ತಿದ್ದೆ ಎಂಬ ಪ್ರಶ್ನೆಗೆ ಮಾದರಿ ಉತ್ತರವಿಲ್ಲ. ತಂಗಿ ಗೇಣಿನಿಂದ ಬಟ್ಟೆ ಅಳೆಯುವಲ್ಲಿಗೆ ಬಂದಾಗ ಅವನು ಓದನ್ನು ತಡೆದ. ಅಕ್ಕ, ನಿಲ್ಲಿಸಬೇಡ ಎಂಬಂತೆ ಬೆರಳೊಂದನ್ನು ಎತ್ತಿದರು. ಹದಿನಾರು ಪುಟವನ್ನೂ ಅವನು ಓದಿದ. ಮುಗಿದಾಗ ಸಾಹೇಬರು ಗಡಿಯಾರ ನೋಡಿಕೊಂಡರು.

ಹತ್ತಕ್ಕೆ ಎಷ್ಟು ಕೊಡುತ್ತೀರಿ ಎಂದು ಅಕ್ಕ ಮೇಷ್ಟ್ರನ್ನು ಕೇಳಿದರು. ಮೇಷ್ಟ್ರು ಮೂರು ಕಾಗುಣಿತದ ತಪ್ಪುಗಳನ್ನು ಕಳೆದು ಏಳು ಎಂದರು. ಆದರೆ ಇದನ್ನು ಸರಿ ಎಂದು ದಾಖಲಿಸಿದರೆ, ಒಂಬತ್ತು ವರ್ಷ ತಪ್ಪು ಬರೆದು ಪೂರ್ತಿ ಅಂಕ ತೆಗೆದುಕೊಂಡ ಮಕ್ಕಳನ್ನೆಲ್ಲ ಏನು ಮಾಡುವುದು ಎಂದು ಸಾಹೇಬರು ಹಣೆ ತಿಕ್ಕಿಕೊಂಡರು. ಅವರಲ್ಲಿ ಕೆಲವರು ಈಗ ಶಿಕ್ಷಕರೇ ಆಗಿದ್ದಾರೆ. ಕೊನೆಗೆ ಅವರೇ ದಾರಿ ಕಂಡುಕೊಂಡರು. ಕಡತದಲ್ಲಿ ‘ಮೊತ್ತ ಕೂಡುವಲ್ಲಿ ಆದ ಲೋಪವನ್ನು ಸರಿಪಡಿಸಿದೆ’ ಎಂದು ಬರೆದು, ಕಾದಂಬರಿಯ ಮುಂದೆ ‘ಪ್ರತಿಗಳು ಅಲಭ್ಯ’ ಎಂದು ಬರೆದು ಅದನ್ನು ಪಟ್ಟಿಯಿಂದ ತೆಗೆದರು. ಮಾವ ಎಲ್ಲರಿಗೂ ಒಬ್ಬೊಬ್ಬರಿಗಾಗಿ ಕೈಮುಗಿದ. ಅವನಿಗೂ ಮುಗಿದ, ತಾವು ಒಂದು ಮಾತು ಹೇಳಿದ್ದಕ್ಕೇ ಆಯಿತು ಎಂದ. ಹುಡುಗಿ ಅಲ್ಲಾಡಲಿಲ್ಲ.

“ಹಾಗಾದ್ರೆ ನನ್ನ ಉತ್ತರ ಸರೀನಾ?”

ಪಾಸಾಯ್ತಲ್ಲ ನಡಿ ಎಂದು ಮಾವ ಅವಳ ತೋಳು ಹಿಡಿದ. ಉತ್ತರ ಹೇಳಬೇಕಾದವನು ಪುಸ್ತಕವನ್ನು ಮುಚ್ಚುತ್ತ, ತೆರೆಯುತ್ತ, ಗ್ರಂಥಾಲಯದ ಮೊಹರನ್ನು ನೋಡುತ್ತ ಕುಳಿತಿದ್ದ.

“ಸರಿ ಮಗು,” ಎಂದರು ಅಕ್ಕ.

ಹಿಂದಿರುಗುವಾಗ ಅವರು ಅವನ ಮೊಣಕೈ ಹಿಡಿಯಲಿಲ್ಲ. ರಸ್ತೆಯುದ್ದಕ್ಕೂ ಕಾಂಪೌಂಡುಗಳ ಮೇಲೆ ಅಂಗೈ ಸವರಿಕೊಂಡು, ಗೇಟು ಬಂದಲ್ಲಿ ಗಾಳಿಯಲ್ಲಿ ಕೈ ಚಾಚಿ, ಮುಂದಿನ ಗೋಡೆ ಸಿಗುವವರೆಗೆ ತಡೆದು ತಡೆದು ಹೆಜ್ಜೆಯಿಟ್ಟರು. ಅವನು ಎರಡು ಹೆಜ್ಜೆ ಹಿಂದೆ ನಡೆದ. ಎದುರಿನಿಂದ ಬಂದವರು, ಕಣ್ಣು ಕಾಣದವರನ್ನು ಹೀಗೆ ಬಿಟ್ಟಿದ್ದಾನಲ್ಲ ಎಂದು ಅವನನ್ನು ನೋಡಿಕೊಂಡು ಹೋದರು. ಔಷಧಿ ಅಂಗಡಿ ದಾಟಿದ ಮೇಲೆ ಅಕ್ಕ ನಿಂತರು.

“ಎಷ್ಟು ದಿನದಿಂದ ಗೊತ್ತು?”

“ಆರು ವರ್ಷ ಅಕ್ಕಾ.”

ಅವರು ಲೆಕ್ಕ ಹಾಕುತ್ತಿರುವುದು ಅವನಿಗೆ ಕಂಡಿತು. ಗೋಡೆಯ ಮೇಲಿದ್ದ ಬೆರಳುಗಳು ಒಂದೊಂದಾಗಿ ಮಡಿಸಿಕೊಂಡವು.

“ಆಗ ಅವಳಿದ್ದಳು,” ಎಂದರು. ಸಿಟ್ಟು ಇರಲಿಲ್ಲ, ಯಾರಿಗೋ ವಿಳಾಸ ಹೇಳುವಂತಿತ್ತು. ಮತ್ತೆ ಅಂಗೈ ಚಾಚಿ ನಡೆದರು.

ಮರುದಿನ ಬೆಳಿಗ್ಗೆ ಅವನು ಗಂಟು ಕಟ್ಟಿದ. ಅವನ ಸಾಮಾನು ಬಹಳವಿರಲಿಲ್ಲ. ಎರಡು ಜೊತೆ ಬಟ್ಟೆ, ಕನ್ನಡಿ, ರಾಶಿಗಳಿಂದ ಆರಿಸಿಕೊಂಡ ಹನ್ನೆರಡು ಕಾದಂಬರಿಗಳು. ಗೈಡುಗಳನ್ನು ಇದ್ದಲ್ಲೇ ಬಿಟ್ಟ. ಹೊಸದಾಗಿ ಆಯ್ಕೆಯಾದ ಪುಸ್ತಕವನ್ನು ಪ್ರಕಾಶಕರು ಬೇಗ ಆಗಲಿ ಎಂಬ ಚೀಟಿಯೊಂದಿಗೆ ಕಳಿಸಿದ್ದರು; ಅದನ್ನು ಮಂಚದ ಮೇಲೆ ಇಟ್ಟು, ಅದರ ಮೇಲೆ ಬೀಗದ ಕೈಯನ್ನು ಇಟ್ಟ. ಹೇಳಿ ಹೋಗುವುದೋ ಹೇಳದೆ ಹೋಗುವುದೋ ಎಂದು ಬಾಗಿಲಲ್ಲಿ ನಿಂತಿರುವಾಗ, ಎಂದಿನ ಹೊತ್ತಿಗೆ, ಎಂದಿನ ದನಿಯಲ್ಲಿ, ಪೇಪರ್ ಬಂತಾ ತಮ್ಮಾ ಎಂದು ಅಕ್ಕ ಒಳಗಿನಿಂದ ಕೇಳಿದರು.

ಅವನು ಚೀಲವನ್ನು ಹೊಸ್ತಿಲಿನ ಹೊರಗಿಟ್ಟು, ಪತ್ರಿಕೆಯೊಂದಿಗೆ ಒಳಗೆ ಹೋಗಿ ಓದತೊಡಗಿದ. ಬೇರೆ ದಿನಗಳಲ್ಲಿ ಅಕ್ಕ ಎರಡನೆಯ ಪುಟಕ್ಕೇ ಸಾಕು ಎನ್ನುತ್ತಿದ್ದರು. ಇವತ್ತು ಅನ್ನಲಿಲ್ಲ. ಅವನು ಹಾರಿಸಲಿಲ್ಲ. ಮಂತ್ರಿಗಳ ಭಾಷಣ, ಅಪಘಾತಗಳು, ನೀರು ಬರದ ಬೀದಿಗಳ ಪಟ್ಟಿ, ನಿಧನವಾರ್ತೆಗಳು, ಮಾರಾಟಕ್ಕಿರುವ ಸೈಕಲ್ಲು, ಕಳೆದುಹೋದ ಪ್ರಮಾಣಪತ್ರಗಳು, ಎಲ್ಲವನ್ನೂ ಓದಿದ. ಕೊನೆಯ ಪುಟದ ಅಡಿಯಲ್ಲಿ ಮುದ್ರಕರ ವಿಳಾಸವಿತ್ತು. ಅದನ್ನೂ ಓದಿ, ಪತ್ರಿಕೆಯನ್ನು ಮಡಿಸಿದ.

“ಮುಗೀತಾ?”

“ಮುಗೀತಕ್ಕಾ.”

“ಸರಿಯಾಗಿ ನೋಡಿದ್ಯಾ?”

ಅವನು ಮಡಿಕೆ ಬಿಚ್ಚಿದ. ಕೊನೆಯ ಹಾಳೆಯ ಎರಡೂ ಬದಿಗಳನ್ನು ಮೇಲಿನಿಂದ ಕೆಳಗೆ ನೋಡಿ, ಅದರಾಚೆ ಬೇರೇನೂ ಇಲ್ಲವೆಂದು ಕೈಯಿಂದ ಮುಟ್ಟಿಯೂ ನೋಡಿ, ಪತ್ರಿಕೆಯನ್ನು ಅವರ ಮಡಿಲಿನಲ್ಲಿಟ್ಟು, ಹೊರಗೆ ಬಂದು, ಚೀಲವನ್ನು ಹೆಗಲಿಗೇರಿಸಿಕೊಂಡು ಹೊರಟ.